ಓದುಗರ ಪ್ರಶ್ನೆ, ನಮ್ಮ ಉತ್ತರ: ಅದುರುವ ಸಬ್‌ವೂಫರ್ ಪೆಟ್ಟಿಗೆಗೆ ಮದ್ದು

ಪ್ರಶ್ನೆ: 12 ಇಂಚಿನ ಸಬ್‌ವೂಫರ್‌ಗೆ (ತಗ್ಗು ಸ್ವರಗಳ ಸ್ಪೀಕರ್) 18 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಪೋರ್ಟ್ (ಗಾಳಿ ಓಡಾಡುವ ಕೊಳವೆ) ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡಿದ್ದೇನೆ. ಹೊರ ಅಳತೆ ಎಲ್ಲ ಕಡೆಯೂ 45 ಸೆಂ.ಮೀ. ಜೋರಾಗಿ ಹಾಕಿದಾಗ ಪಕ್ಕದ ಹಲಗೆ ಮುಟ್ಟಿದರೆ ಅದುರುವುದು ಗೊತ್ತಾಗುತ್ತದೆ. ಒಳಗೆಲ್ಲ ಬಿಟುಮೆನ್ ಶೀಟ್ (ಡಾಂಬರಿನ ಹಾಳೆ) ಅಂಟಿಸಿದರೂ ಫಲವಿಲ್ಲ. ಇನ್ನೊಂದು ಪದರ ಹಾಕಲೇ?

ಉತ್ತರ: ಬೇಡ. ಆ ಶೀಟ್ ಹೇಳಿ ಮಾಡಿಸಿದ್ದು ಕಾರಿನ ಬಾಗಿಲಿನಂಥ ತೆಳು ತಗಡಿಗೆ. 18 ಮಿ.ಮೀ. ಹಲಗೆಯ ಮುಂದೆ ಅದರ ಆಟ ನಡೆಯುವುದಿಲ್ಲ. ಸಬ್‌ವೂಫರ್ ನುಡಿಯುವುದು ಸುಮಾರು 20ರಿಂದ 100 ಹರ್ಟ್ಸ್‌ವರೆಗೆ. ಹಲಗೆಯ ಸಹಜ ಕಂಪನ ಇದಕ್ಕಿಂತ ಬಹಳ ಮೇಲೆ ಇರಬೇಕು. ಅದನ್ನು ಮೇಲೇರಿಸಲು ಬೇಕಾದದ್ದು ಬಿಗಿತ, ಅಂದರೆ ಒಳಗೊಂದು ಬ್ರೇಸ್, ಗೋಡೆಗಳನ್ನು ಒಳಗಿನಿಂದ ಹಿಡಿದಿಡುವ ಚೌಕಟ್ಟು ಅಥವಾ ಕೋಲು.

ಹಲಗೆಯ ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟಾಗುತ್ತದೆ ನಿಜ, ಆದರೆ ತೂಕವೂ ಎರಡು ಪಟ್ಟಾಗುವುದರಿಂದ ಕಂಪನದ ಆವರ್ತನ ಏರುವುದು ಎರಡೇ ಪಟ್ಟು. ಅಷ್ಟಕ್ಕೆ ನಿಮ್ಮ ಪೆಟ್ಟಿಗೆ ಸುಮಾರು 16 ಕೆ.ಜಿ. ಹೆಚ್ಚು ತೂಗುತ್ತದೆ. ಸುಮಾರು ಒಂದೂವರೆ ಕೆ.ಜಿ.ಯ ಒಂದೇ ಬ್ರೇಸ್ ನಾಲ್ಕು ಗೋಡೆಗಳಿಗೆ ಹೆಚ್ಚುಕಡಿಮೆ ಇದೇ ಲಾಭ ಕೊಡುತ್ತದೆ. ಹೀಗಿರುವಾಗ ಹಲಗೆ ದಪ್ಪ ಮಾಡುವವರನ್ನು ಕಂಡರೆ ನಮಗೆ ಅವರ ಬೆನ್ನಿನದೇ ಚಿಂತೆ.

ಪೆಟ್ಟಿಗೆಯ ಒಳ ಅಳತೆ 414 ಮಿ.ಮೀ. ಅದೇ ಅಳತೆಯ ಚೌಕ ಹಲಗೆ ಕತ್ತರಿಸಿ, ಸುತ್ತ 60 ಮಿ.ಮೀ. ಅಂಚು, ನಡುವೆ 60 ಮಿ.ಮೀ. ಅಗಲದ ಪಟ್ಟಿಗಳ ಕೂಡುಗುರುತು (+) ಉಳಿಸಿ ನಾಲ್ಕು ಕಿಂಡಿ ತೆಗೆಯಿರಿ. ಕಿಂಡಿಗಳ ಮೂಲೆಗಳನ್ನು ದುಂಡಗೆ ಬಿಡಿ, ಚೂಪಾದ ಮೂಲೆಯಲ್ಲಿ ಎಂಡಿಎಫ್ ಸೀಳುತ್ತದೆ. ಇದನ್ನು ಮುಂಭಾಗದ ಹಲಗೆಗೆ ಸಮಾನಾಂತರವಾಗಿ, ಅದರಿಂದ 230 ಮಿ.ಮೀ. ಹಿಂದೆ ನಿಲ್ಲಿಸಿ. ಹಿಂದೆ 166 ಮಿ.ಮೀ. ಉಳಿಯುತ್ತದೆ. ಸರಿಯಾಗಿ ಮಧ್ಯಕ್ಕೆ ಇಟ್ಟರೆ ಬ್ರೇಸಿನ ಹಿಂದಿನ, ಮುಂದಿನ ಎರಡೂ ಗೋಡೆ ತುಂಡುಗಳು ಒಂದೇ ಆವರ್ತನದಲ್ಲಿ ಅದುರುತ್ತವೆ. ಸ್ಪೀಕರ್‌ನ ಮ್ಯಾಗ್ನೆಟ್ಟಿನ ಹಿಂದೆ ಗಾಳಿಗಂಡಿ ಇದ್ದರೆ ಅದಕ್ಕೂ ಬ್ರೇಸಿಗೂ ನಡುವೆ 40 ಮಿ.ಮೀ.ಯಾದರೂ ಜಾಗ ಬೇಕು.

ಹಿಂಬದಿಯ ಹಲಗೆಗೆ ಈ ಬ್ರೇಸ್ ತಾಗುವುದೇ ಇಲ್ಲ, ಬಹಳ ಮಂದಿ ಮರೆಯುವುದು ಇದನ್ನೇ. ಕೂಡುಗುರುತಿನ ನಡುವಿನಿಂದ ಹಿಂಬದಿಯ ಹಲಗೆಯ ನಡುವಿಗೆ 166 ಮಿ.ಮೀ. ಮರದ ತುಂಡೊಂದನ್ನು ಅಂಟಿಸಿ. ಸ್ಪೀಕರ್ ಕೂರುವ ಮುಂಭಾಗಕ್ಕೆ ಮಾತ್ರ ಹೊರಗಿನಿಂದ ಇನ್ನೊಂದು 18 ಮಿ.ಮೀ. ಪದರ ಹಾಕಬಹುದು. ಬ್ರೇಸ್ ತಿನ್ನುವ ಜಾಗ ಸುಮಾರು 2.1 ಲೀಟರ್, ಪೆಟ್ಟಿಗೆಯ ಲೆಕ್ಕದಲ್ಲಿ ಅದನ್ನು ಕಳೆಯಿರಿ.

ಪ್ರಶ್ನೆ: ಪೆಟ್ಟಿಗೆ ಆಗಲೇ ಅಂಟಿಸಿ ಮುಚ್ಚಿಯಾಗಿದೆ. ಸ್ಪೀಕರ್ ತೂತಿನಿಂದಲೇ ಬ್ರೇಸ್ ಹಾಕಬಹುದೇ?

ಉತ್ತರ: ಚೌಕಟ್ಟು ಹೋಗುವುದಿಲ್ಲ, ಕೋಲು ಹೋಗುತ್ತದೆ. 35-40 ಮಿ.ಮೀ. ದಪ್ಪದ ಗಟ್ಟಿ ಮರದ ಕೋಲುಗಳಿಂದ ಎಡ-ಬಲ ಗೋಡೆಗಳನ್ನು ಒಂದಕ್ಕೊಂದು, ಮೇಲು-ಕೆಳಗಿನವನ್ನು ಒಂದಕ್ಕೊಂದು ಬಂಧಿಸಿ. ಒಳಗಿನ ಒತ್ತಡ ಎದುರುಬದುರು ಗೋಡೆಗಳನ್ನು ಒಟ್ಟಿಗೆ ಹೊರಕ್ಕೆ ತಳ್ಳುವುದರಿಂದ ಕೋಲು ಎರಡನ್ನೂ ಹಿಡಿದುಕೊಳ್ಳುತ್ತದೆ. ಕೋಲು ಕೈಯಲ್ಲೇ ಬಿಗಿಯಾಗಿ ಕೂರಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸುವಷ್ಟು ಉದ್ದವಿದ್ದರೆ ಮೂಲೆಯ ಜೋಡಣೆ ಬಿಟ್ಟುಕೊಂಡು ಗಾಳಿ ಸೋರುತ್ತದೆ. ಸ್ವಲ್ಪ ಗಿಡ್ಡವಾದರೆ ಎಪಾಕ್ಸಿ ಆ ಸಂದನ್ನು ತುಂಬುತ್ತದೆ, ಬಿಳಿ ಮರದ ಅಂಟು ತುಂಬುವುದಿಲ್ಲ. ಬಿಟುಮೆನ್ ಇದ್ದರೆ ಆ ಜಾಗದಲ್ಲಿ ಕೆರೆದು, ಮರ ಕಂಡ ಮೇಲೆ ಅಂಟಿಸಿ. ಕೋಲಿನ ತುದಿಗೆ ಹೊರಗಿನಿಂದ ಸ್ಕ್ರೂ ಹಾಕುವುದಾದರೆ ಮೊದಲು ಸಣ್ಣ ತೂತು ಕೊರೆಯಿರಿ.

ಪ್ರಶ್ನೆ: ಬ್ರೇಸ್ ಹಾಕಿದ ಮೇಲೂ ಕೆಲವು ಸ್ವರಗಳಿಗೆ ಝುರ್ ಎನ್ನುತ್ತದೆ.

ಉತ್ತರ: ಇಂಥ ಸದ್ದಿಗೆ ಹಲಗೆ ಕಾರಣವಾಗುವುದು ಅಪರೂಪ. ಮೊಬೈಲ್‌ನ ಟೋನ್ ಜನರೇಟರ್‌ನಲ್ಲಿ 20ರಿಂದ 120 ಹರ್ಟ್ಸ್‌ವರೆಗೆ ನಿಧಾನವಾಗಿ ಏರಿಸಿ, ಝುರ್ ಎಂದಲ್ಲಿ ನಿಲ್ಲಿಸಿ. ಟರ್ಮಿನಲ್ ಕಪ್ (ಹೊರಗಿನ ವೈರ್ ಸೇರಿಸುವ ಬಟ್ಟಲು), ಜಾಲರಿ, ಸ್ಪೀಕರ್‌ನ ಅಂಚು, ಒಂದೊಂದನ್ನೇ ಬೆರಳಿನಿಂದ ಒತ್ತುತ್ತಾ ಬನ್ನಿ. ಒತ್ತಿದಾಗ ಸದ್ದು ನಿಂತರೆ ಕಳ್ಳ ಅಲ್ಲೇ ಇದ್ದಾನೆ. ಒಳಗಿನ ವೈರ್ ಹಲಗೆಗೆ ಬಡಿಯುವುದೂ ಉಂಟು, ಅದನ್ನು ಬ್ರೇಸಿಗೆ ಕಟ್ಟಿ. ಸೋರಿಕೆಯಾದರೆ ಸದ್ದು ‘ಫುಸ್’ ಎಂದಿರುತ್ತದೆ. ತೆಳು ಟಿಶ್ಯೂ ಕಾಗದದ ಪಟ್ಟಿಯನ್ನು ಸಂದುಗಳ ಬಳಿ ಹಿಡಿದರೆ ಅಲುಗಾಡಿ ತೋರಿಸಿಕೊಡುತ್ತದೆ. ಪೆಟ್ಟಿಗೆಯಲ್ಲಿ ಏನೂ ಸಿಗದಿದ್ದರೆ ಕಿಟಕಿಯ ಗಾಜಿನ ಮೇಲೆ ಕೈಯಿಟ್ಟು ನೋಡಿ.

ಪ್ರಶ್ನೆ: ಗೋಡೆಗಳು ಗಟ್ಟಿ, ಆದರೆ ಪೆಟ್ಟಿಗೆಯೇ ನೆಲದ ಮೇಲೆ ಜರುಗುತ್ತದೆ.

ಉತ್ತರ: ಅದಕ್ಕೆ ಬ್ರೇಸ್ ಮದ್ದಲ್ಲ. ಸ್ಪೀಕರ್‌ನ ಕೋನ್ (ಹಿಂದೆ ಮುಂದೆ ಚಲಿಸುವ ಭಾಗ) ಮುಂದೆ ಹೋದಾಗ ಪೆಟ್ಟಿಗೆ ಹಿಂದೆ ತಳ್ಳಿಸಿಕೊಳ್ಳುತ್ತದೆ. 150 ಗ್ರಾಂ ಚಲಿಸುವ ಭಾಗ 10 ಮಿ.ಮೀ. ಸರಿದರೆ 30 ಕೆ.ಜಿ. ಪೆಟ್ಟಿಗೆ 0.05 ಮಿ.ಮೀ. ಸರಿಯುತ್ತದೆ. ಕೇಳಲು ಅಲ್ಪ, ಆದರೆ ನುಣುಪಾದ ನೆಲದಲ್ಲಿ ಸೆಕೆಂಡಿಗೆ 30 ಸಲ ಹೀಗಾದರೆ ಪೆಟ್ಟಿಗೆ ತೆವಳುತ್ತದೆ. ಮೆತ್ತನೆಯ ರಬ್ಬರ್ ಕಾಲು ಹಾಕಿ, ಮೇಲೆ ಭಾರ ಇಡಿ. ಹೊಸದಾಗಿ ಮಾಡುವುದಾದರೆ ಎರಡು ಸ್ಪೀಕರ್‌ಗಳನ್ನು ಎದುರುಬದುರು ಗೋಡೆಗಳಲ್ಲಿ ಕೂರಿಸಿ, ಎರಡೂ ಒಟ್ಟಿಗೆ ಹೊರಕ್ಕೆ ಬರುವಂತೆ ಜೋಡಿಸಿ. ಆಗ ಒಂದರ ತಳ್ಳಾಟವನ್ನು ಇನ್ನೊಂದು ರದ್ದು ಮಾಡುತ್ತದೆ.

ಪ್ರಶ್ನೆ: ಒಳಗೆ ಪಾಲಿಯೆಸ್ಟರ್ ಹತ್ತಿ ತುಂಬಿದರೆ ಅದುರುವುದು ಕಡಿಮೆಯಾಗುತ್ತದೆಯೇ?

ಉತ್ತರ: ಇಲ್ಲ. ಮುಚ್ಚಿದ ಪೆಟ್ಟಿಗೆ ಸ್ಪೀಕರ್‌ಗೆ ತುಸು ದೊಡ್ಡದಾಗಿ ಕಾಣುತ್ತದೆ, ಅಷ್ಟೇ. ಪೋರ್ಟ್ ಇದ್ದರೆ ಅದರ ಬಾಯಿಯ ಹತ್ತಿರ ಹತ್ತಿ ಸುಳಿಯಲೇಬಾರದು.