ಯಜಮಾನರು ಬಸ್ರಾದಲ್ಲಿ, ನಾವು ಇಲ್ಲಿ: ಏನು ಮಾಡಬೇಕು?

ಪ್ರಶ್ನೆ: ನಮ್ಮ ಯಜಮಾನರು ಇರಾಕ್‌ನ ಬಸ್ರಾದಲ್ಲಿ ಫಿಟ್ಟರ್ ಕೆಲಸಕ್ಕಿದ್ದಾರೆ. ಅಲ್ಲಿ ಗಲಾಟೆ ಅಂತ ಟಿವಿಯಲ್ಲಿ ಬಂದರೆ ನನಗೆ ಊಟ ಸೇರುವುದಿಲ್ಲ. ಕಂಪನಿಯವರು ನಮಗೆ ಏನೂ ತಿಳಿಸುವುದಿಲ್ಲ. ಮನೆಯಲ್ಲಿ ಕೂತು ನಾನೇನು ಮಾಡಲಿ?
– ಓದುಗರೊಬ್ಬರು, ಕುಂದಾಪುರ

ಉತ್ತರ: ನಿಮ್ಮ ಕೈಲಿ ಆಗೋದು ಸಾಕಷ್ಟಿದೆ ತಂಗಿ. ಇವತ್ತು ಫೋನ್ ಬಂದಾಗ ಮೊದಲು ಇದನ್ನೇ ಕೇಳಿ: ಪಾಸ್‌ಪೋರ್ಟ್ ಯಾರ ಹತ್ತಿರ ಇದೆ? ಕಂಪನಿಯ ಬೀರುವಿನಲ್ಲಿದ್ದರೆ ವಾಪಸ್ ಕೇಳಲು ಹೇಳಿ. ಅದು ಭಾರತ ಸರ್ಕಾರದ ಸ್ವತ್ತು, ಅಡ ಇಟ್ಟುಕೊಳ್ಳುವ ಹಕ್ಕು ಮಾಲೀಕನಿಗಿಲ್ಲ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾದಾಗ ಖಾರ್ಟೂಮ್ ವಿಮಾನ ನಿಲ್ದಾಣವೇ ಮುಚ್ಚಿಹೋಯಿತು. ನಮ್ಮ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಕ್ಕಿಬಿದ್ದಿದ್ದರು, ನೆನಪಿದೆ ಅಲ್ವಾ? ಅವರನ್ನು ಕರೆತರಲು ಭಾರತ ಸರ್ಕಾರ ನಡೆಸಿದ ‘ಆಪರೇಷನ್ ಕಾವೇರಿ’ಯಲ್ಲಿ ಜನ ಬಸ್ಸಲ್ಲಿ ಪೋರ್ಟ್ ಸುಡಾನ್ ಬಂದರು ತಲುಪಿ, ಅಲ್ಲಿಂದ ಸೌದಿಯ ಜೆಡ್ಡಾ ದಾಟಿ ಊರಿಗೆ ಬಂದರು. ಅಂಥ ಹೊತ್ತಲ್ಲಿ ಕೈಲಿ ಪಾಸ್‌ಪೋರ್ಟ್, ಒಂದಿಷ್ಟು ನಗದು, ಚಾರ್ಜ್ ಇರುವ ಫೋನ್ ಇದ್ದವರಿಗೆ ಹೊರಡುವುದು ಸುಲಭ.

ಪಾಸ್‌ಪೋರ್ಟ್, ವೀಸಾ, ಕೆಲಸದ ಒಪ್ಪಂದ ಮೂರರ ಫೋಟೋ ನಿಮ್ಮ ಮೊಬೈಲ್‌ನಲ್ಲೂ ಇರಲಿ. ಜೊತೆಗೆ ಅವರ ರೂಮಿನವರಿಬ್ಬರ ನಂಬರ್, ಸೂಪರ್‌ವೈಸರ್ ನಂಬರ್, ಕ್ಯಾಂಪಿನ ವಿಳಾಸ. ಅವರ ಹೆಸರು ಬಾಗ್ದಾದ್‌ನ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಣಿಯಾಗಿರಲಿ, ಇದನ್ನು ನಾಳೆಗೆ ಅಂತ ಬಿಡಬೇಡಿ.

ಇನ್ನು ವಿಮೆ. ಅವರು ಹತ್ತನೇ ಕ್ಲಾಸ್ ಪಾಸಾಗದೆ ಎಮಿಗ್ರೇಷನ್ ಕ್ಲಿಯರೆನ್ಸ್ (ಹೊರದೇಶದ ಕೆಲಸಕ್ಕೆ ಹೋಗಲು ಸರ್ಕಾರ ಕೊಡುವ ಅನುಮತಿ) ತಗೊಂಡು ಹೋಗಿದ್ದರೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಕಡ್ಡಾಯವಾಗಿ ಮಾಡಿಸಿರುತ್ತಾರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಎರಡು ವರ್ಷಕ್ಕೆ ಪ್ರೀಮಿಯಂ 275 ರೂಪಾಯಿ. ಅವಧಿ ಮುಗಿದಿದೆಯಾ ನೋಡಿ. ನಾಮಿನಿ ಹೆಸರನ್ನೂ ನೋಡಿ, ಮದುವೆಗೆ ಮುಂಚೆ ಮಾಡಿಸಿದ ಕಾಗದಗಳಲ್ಲಿ ಹೆಂಡತಿಯ ಹೆಸರೇ ಇರುವುದಿಲ್ಲ. ಕಂಪನಿ ಬೇರೆ ಪಾಲಿಸಿ ಕೊಟ್ಟಿದ್ದರೆ, ಯುದ್ಧದಲ್ಲಿ ಆದ ಹಾನಿಗೂ ಅದು ಸಲ್ಲುತ್ತದಾ ಅಂತ ಬರವಣಿಗೆಯಲ್ಲೇ ಕೇಳಿ. ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಡುತ್ತವೆ.

ಕಂಪನಿ ನಿಮಗೇನೂ ತಿಳಿಸುವುದಿಲ್ಲ ಅನ್ನುವುದೇ ನನಗೆ ಜಾಸ್ತಿ ಸಿಟ್ಟು ತರಿಸುವ ಮಾತು. ಅಪಾಯ ಇರುವ ಕಡೆ ಕೆಲಸಕ್ಕೆ ಕರೆದುಕೊಂಡವರು ಮನೆಯವರಿಗೆ ಒಂದು ಫೋನ್ ನಂಬರ್ ಕೊಡಲೇಬೇಕು. ಪರಿಸ್ಥಿತಿ ಕೆಟ್ಟರೆ ಹೇಗೆ ಹೊರಗೆ ಕರೆತರುತ್ತೀರಿ, ಆ ದಿನಗಳ ಸಂಬಳ ಕೊಡುತ್ತೀರಾ ಅಂತ ಕಳಿಸಿದ ಏಜೆಂಟನ್ನೇ ಕೇಳಿ. ಸಂಕೋಚ ಬೇಡ. ಆತ ಜಾರಿಕೊಂಡರೆ ವಿದೇಶಾಂಗ ಸಚಿವಾಲಯದ ‘ಮದದ್’ ಎಂಬ ದೂರಿನ ವೆಬ್‌ಸೈಟ್ ಇದೆ, ಅಲ್ಲಿ ಹೆಂಡತಿಯಾಗಿ ಕುಂದಾಪುರದಿಂದಲೇ ನೀವು ದೂರು ಹಾಕಬಹುದು.