ಒಬ್ಬ ಪಂಚಾಯಿತಿ ಅಧ್ಯಕ್ಷನಿಂದ ಊರು ನಿಜಕ್ಕೂ ಚೇತರಿಸಿಕೊಂಡ ಉದಾಹರಣೆ ಇದೆಯೇ?

ಊರಿನವರು ಪಂಚಾಯಿತಿ ಚುನಾವಣೆಗೆ ನಿಲ್ಲಿ ಅಂತ ಒತ್ತಾಯಿಸುತ್ತಿದ್ದಾರೆ, ಆದರೆ ಒಬ್ಬರಿಂದ ಏನಾದರೂ ಆಗುತ್ತದಾ ಅಥವಾ ಇದೆಲ್ಲ ಭಾಷಣದ ಮಾತಾ ಎಂದು ಕೇಳಿದ್ದೀರಿ. ಒಂದು ಅವಧಿಗೆ ನಾನೂ ಗ್ರಾಮ ಪಂಚಾಯಿತಿ ಸದಸ್ಯನಾಗಿದ್ದವನು, ಹಾಗಾಗಿ ನಿಮ್ಮ ಅನುಮಾನ ನನಗೆ ಚೆನ್ನಾಗಿಯೇ ಅರ್ಥವಾಗುತ್ತದೆ. ಉದಾಹರಣೆ ಇದೆ. ಆದರೆ ಅದನ್ನು ಸಾಮಾನ್ಯವಾಗಿ ಹೇಳುವ ರೀತಿ ನನಗೆ ಒಪ್ಪಿಗೆಯಿಲ್ಲ.

ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯಲ್ಲಿ (ಈಗ ಅಹಿಲ್ಯಾನಗರ ಅಂತ ಹೆಸರು ಬದಲಾಗಿದೆ) ಹಿವರೆ ಬಜಾರ್ ಅಂತ ಒಂದು ಸಣ್ಣ ಹಳ್ಳಿ. ಮಳೆನೆರಳಿನ ಪ್ರದೇಶ. 1972ರ ಬರದಲ್ಲಿ ಬಾವಿಗಳು ಬತ್ತಿದ ಮೇಲೆ ಜನ ಪುಣೆ, ಮುಂಬೈ ಕಡೆ ಗುಳೆ ಹೋದರು. ಉಳಿದವರಲ್ಲಿ ಅನೇಕರಿಗೆ ಕಳ್ಳಭಟ್ಟಿಯೇ ಕಸುಬಾಯಿತು. ಸರ್ಕಾರಿ ನೌಕರರಿಗೆ ಆ ಊರಿಗೆ ವರ್ಗವಾದರೆ ಅದು ಶಿಕ್ಷೆ ಅನ್ನುವ ಮಟ್ಟಕ್ಕೆ ಊರಿನ ಹೆಸರು ಕೆಟ್ಟಿತ್ತು. 1989-90ರ ಸುಮಾರಿಗೆ ಅಲ್ಲಿನ ಯುವಕರು ಎಂ.ಕಾಂ. ಓದಿದ್ದ, ಕ್ರಿಕೆಟ್ ಹುಚ್ಚಿನ ಪೋಪಟರಾವ್ ಪವಾರ್ ಅವರನ್ನು ಹಿಡಿದು ತಂದು ಅವಿರೋಧವಾಗಿ ಸರಪಂಚರನ್ನಾಗಿ, ಅಂದರೆ ಪಂಚಾಯಿತಿ ಅಧ್ಯಕ್ಷರನ್ನಾಗಿ ಮಾಡಿದರು. ಮನೆಯವರಿಗೆ ಮಗ ಪಟ್ಟಣದಲ್ಲಿ ನೌಕರಿ ಹಿಡಿಯಲಿ ಅಂತ ಇತ್ತು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಈ ನಡುವಿನ ಮೂವತ್ತು ವರ್ಷವನ್ನು ಪತ್ರಿಕೆಗಳು ‘ಬರಡು ನೆಲವನ್ನು ಹಸಿರು ಮಾಡಿದ ಸಾಧಕ’ ಎಂಬ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಗುಡ್ಡದ ಮೇಲೆ ಕಂದಕ ತೋಡಿದರು, ಚೆಕ್ ಡ್ಯಾಂ ಕಟ್ಟಿದರು, ಇಂಗುಕೆರೆ ಮಾಡಿದರು, ಅದೆಲ್ಲ ನಿಜ. ಆದರೆ ಚೆಕ್ ಡ್ಯಾಂ ಯಾವ ಪಂಚಾಯಿತಿಯಲ್ಲಿ ಇಲ್ಲ ಹೇಳಿ? ನಮ್ಮಲ್ಲಿ ಹೂಳು ತುಂಬಿ ನಿಂತಿರುವುದನ್ನೇ ಹತ್ತು ತೋರಿಸಬಹುದು. ದುಡ್ಡೂ ಅವರಿಗೆಂದೇ ವಿಶೇಷವಾಗಿ ಬಂದದ್ದಲ್ಲ. ಊರನ್ನು ಖಾಲಿ ಮಾಡಿಸಿದ ಆ 1972ರ ಬರದ ಕಾಲದಲ್ಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಯೋಜನೆಯೂ ಬೆಳೆದದ್ದು. ಅದರ ಹಣ, ಅರಣ್ಯ ಇಲಾಖೆಯ ಹಣ, 1990ರ ದಶಕದಲ್ಲಿ ಬಂದ ಆದರ್ಶ ಗ್ರಾಮ ಯೋಜನೆಯ ಹಣ, ಎಲ್ಲವೂ ಬೇರೆ ಊರುಗಳಿಗೂ ಸಿಗುತ್ತಿದ್ದವೇ.

ವ್ಯತ್ಯಾಸ ಇರುವುದು ನೀರು ಬಂದ ಮೇಲಿನ ಕಥೆಯಲ್ಲಿ. ಅಂತರ್ಜಲ ಏರಿದ ಕೂಡಲೇ ಯಾವ ಊರಿನಲ್ಲಾದರೂ ಏನಾಗುತ್ತದೆ? ಕೈಯಲ್ಲಿ ಕಾಸಿದ್ದವನು ಬೋರ್ ಕೊರೆಸಿ ಕಬ್ಬು ಹಾಕುತ್ತಾನೆ. ನಾಲ್ಕೇ ವರ್ಷಕ್ಕೆ ಊರು ಮೊದಲಿನ ಸ್ಥಿತಿಗೆ. ಹಿವರೆ ಬಜಾರ್‌ನ ಗ್ರಾಮಸಭೆ ಕೃಷಿಗೆ ಕೊಳವೆಬಾವಿಯನ್ನೇ ನಿಷೇಧಿಸಿತು. ಕಬ್ಬು ಬೇಡ, ಬಾಳೆ ಬೇಡ ಅಂದಿತು. ಮಹಾರಾಷ್ಟ್ರದ ಮೊದಲ ಸಹಕಾರಿ ಸಕ್ಕರೆ ಕಾರ್ಖಾನೆ ಶುರುವಾದ ಪ್ರವರಾನಗರ ಇರುವುದು ಇದೇ ಜಿಲ್ಲೆಯಲ್ಲಿ. ಅಂಥ ಕಡೆ ಕಬ್ಬು ಬೆಳೆಯಬೇಡಿ ಅನ್ನಲು ಎಂಥ ಎದೆ ಬೇಕು ಅಂತ ಮಂಡ್ಯ, ಬೆಳಗಾವಿ ಕಡೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಅವರ ನೀರಿನ ಬಜೆಟ್. ಮಳೆಗಾಲ ಮುಗಿದ ಮೇಲೆ ಎಷ್ಟು ಮಳೆ ಬಿತ್ತು, ಬಾವಿಗಳಲ್ಲಿ ಮಟ್ಟ ಎಷ್ಟಿದೆ ಎಂದು ಅಳೆದು ಲೆಕ್ಕವನ್ನು ಗ್ರಾಮಸಭೆಯ ಮುಂದಿಡುತ್ತಾರೆ. ಮೊದಲು ಜನ ಮತ್ತು ದನಕರುಗಳ ಕುಡಿಯುವ ನೀರು ತೆಗೆದಿಡುತ್ತಾರೆ, ಉಳಿದದ್ದರಲ್ಲಿ ಹಿಂಗಾರಿಗೆ ಯಾವ ಬೆಳೆ, ಎಷ್ಟು ಎಕರೆ ಅಂತ ತೀರ್ಮಾನ. ಮಳೆ ಕಡಿಮೆಯಾದ ವರ್ಷ ಬೆಳೆಯೂ ಕಡಿಮೆ. ಜಾನುವಾರುಗಳನ್ನು ಬಯಲಿಗೆ ಮೇಯಲು ಬಿಡುವಂತಿಲ್ಲ, ಗುಡ್ಡದ ಹುಲ್ಲನ್ನು ಕೊಯ್ದು ತಂದು ಹಾಕಬೇಕು. ಅದರ ಫಲ ಹಾಲಿನಲ್ಲಿ ಕಂಡಿತು: 1990ರ ದಶಕದ ನಡುವೆ ದಿನಕ್ಕೆ 150 ಲೀಟರ್ ಇದ್ದದ್ದು ಮುಂದೆ 4,000 ಲೀಟರ್ ಮುಟ್ಟಿತೆಂದು ವರದಿಗಳಿವೆ. 1995ರಲ್ಲಿ 168 ಇದ್ದ ಬಡತನ ರೇಖೆಯ ಕೆಳಗಿನ ಕುಟುಂಬಗಳು 2010ರ ಹೊತ್ತಿಗೆ ಮೂರಕ್ಕೆ ಇಳಿದವು. ಗುಳೆ ಹೋದವರಲ್ಲಿ ಹಲವು ಕುಟುಂಬಗಳು ವಾಪಸ್ ಬಂದವು.

ಅಂದಹಾಗೆ, ಪೋಪಟರಾವ್ ಮೊದಲ ದಿನವೇ ಈ ನಿಷೇಧಗಳಿಗೆ ಕೈ ಹಾಕಲಿಲ್ಲ. ಮೊದಲು ಶಾಲೆ ಸರಿ ಮಾಡಿದರು, ಅದಕ್ಕೆ ಜನರಿಂದ ಶ್ರಮದಾನ ಪಡೆದರು. ಯಾರೂ ವಿರೋಧಿಸಲಾಗದ ಕೆಲಸದಿಂದ ಶುರು ಮಾಡಿ ನಂಬಿಕೆ ಗಳಿಸಿಕೊಂಡು, ಆಮೇಲೆ ಕಹಿ ಮಾತು ಹೇಳಿದರು. ಇದನ್ನು ರಾಜಕೀಯ ಜಾಣ್ಮೆ ಅಂತಲೇ ಕರೆಯುತ್ತೇನೆ, ಅದರಲ್ಲಿ ತಪ್ಪೇನೂ ಇಲ್ಲ. ಮೀಸಲಾತಿ ಸರದಿಯಲ್ಲಿ ಸರಪಂಚ ಸ್ಥಾನ ಬೇರೆಯವರಿಗೆ ಹೋದಾಗ ಉಪಸರಪಂಚರಾಗಿ ಅದೇ ಕೆಲಸ ಮುಂದುವರಿಸಿದರು. ಅವಿರೋಧ ಆಯ್ಕೆಯ ಪರಿಪಾಠ ಮುರಿದು 2021ರ ಜನವರಿಯಲ್ಲಿ ಚುನಾವಣೆ ನಡೆದಾಗ ಏಳಕ್ಕೆ ಏಳೂ ಸ್ಥಾನ ಅವರ ಬಣಕ್ಕೇ ಹೋದವು.

ನನಗೆ ಇರುಸುಮುರುಸಾಗುವ ಅಂಶಗಳೂ ಇವೆ. ಸಂತಾನಶಕ್ತಿಹರಣ ಚಿಕಿತ್ಸೆಯೂ ಊರು ತನಗೆ ಹಾಕಿಕೊಂಡ ಸೂತ್ರಗಳಲ್ಲಿ ಒಂದು. ಒಂದು ಕುಟುಂಬದ ಒಳಗಿನ ವಿಷಯಕ್ಕೆ ಊರಿನ ಒತ್ತಡ ಬೀಳುವುದು ನನಗೆ ಸರಿಕಾಣುವುದಿಲ್ಲ. ಮೂವತ್ತು ವರ್ಷ ಎದುರಾಳಿಯೇ ಇಲ್ಲದಿದ್ದರೆ ಸಭೆಯಲ್ಲಿ ಬೇಡ ಅನ್ನುವವನ ಬಾಯಿ ತೆರೆಯುತ್ತಿತ್ತೇ ಅನ್ನುವುದನ್ನೂ ಕೇಳಬೇಕು.

ಇನ್ನು ನಿಮ್ಮ ವಿಷಯ. ಹಿವರೆ ಬಜಾರ್ ಸಾವಿರ ಹೆಕ್ಟೇರ್‌ಗೂ ಕಡಿಮೆ ವಿಸ್ತೀರ್ಣದ ಒಂದೇ ಊರು. ನಮ್ಮ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಸಾಮಾನ್ಯವಾಗಿ ಹಲವು ಹಳ್ಳಿಗಳು ಸೇರಿರುತ್ತವೆ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ. ಅಧ್ಯಕ್ಷರನ್ನು ಆರಿಸುವುದು ಸದಸ್ಯರು, ಆ ಸ್ಥಾನಕ್ಕೂ ಮೀಸಲಾತಿಯ ಸರದಿ ಇದೆ. ಹಾಗಾಗಿ ಅಧ್ಯಕ್ಷನಾಗಿಯೇ ಊರು ಉದ್ಧಾರ ಮಾಡುತ್ತೇನೆ ಅಂತ ಹೊರಡಬೇಡಿ, ಬರೀ ಸದಸ್ಯನಾಗಿ ಉಳಿದರೂ ಐದು ವರ್ಷ ದುಡಿಯುವ ಮನಸ್ಸಿದೆಯಾ ನೋಡಿಕೊಳ್ಳಿ. ಸಭೆಗೆ ಹೋದರೆ ‘ನನ್ನ ವಾರ್ಡಿಗೆ ಎಷ್ಟು’ ಅನ್ನುವ ಮಾತೇ ಜಾಸ್ತಿ. ಸಿಸಿ ರಸ್ತೆ ಮತ್ತು ಚರಂಡಿಗೆ ಕೈ ಎತ್ತುವವರಿದ್ದಾರೆ, ಬೋರ್ ಕೊರೆಸಬೇಡಿ ಅಂದರೆ ಎದ್ದು ಹೋಗುತ್ತಾರೆ. ಗ್ರಾಮಸಭೆಯಂತೂ ಎಷ್ಟೋ ಕಡೆ ಮನೆ ಮಂಜೂರಾತಿಯ ಫಲಾನುಭವಿ ಪಟ್ಟಿ ಓದುವುದರಲ್ಲೇ ಮುಗಿಯುತ್ತದೆ.

ನಾಮಪತ್ರ ಸಲ್ಲಿಸುವ ಮೊದಲು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರ ಬಳಿ ಹಿಂದಿನ ಮೂರು ವರ್ಷದ ಗ್ರಾಮಸಭೆ ನಡಾವಳಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಎಷ್ಟು ಜನ ಸಹಿ ಮಾಡಿದ್ದಾರೆ, ಯಾವ ನಿರ್ಣಯ ಕ್ರಿಯಾ ಯೋಜನೆಗೆ ಸೇರಿತು, ಯಾವುದು ಪುಸ್ತಕದಲ್ಲೇ ಉಳಿಯಿತು ಅಂತ ಕೂತು ಓದಿ. ನಿಲ್ಲಿ ಅಂತ ಒತ್ತಾಯಿಸುತ್ತಿರುವವರಲ್ಲಿ ಆ ಸಹಿಗಳ ನಡುವೆ ಯಾರ ಹೆಸರಿದೆ ಅನ್ನುವುದನ್ನೂ ಹಾಗೇ ನೋಡಿಬಿಡಿ.