ತೋಟದ ಮನೆಗೆ ಆ್ಯಪ್ ಇರುವ ಬಿಪಿ ಮಷಿನ್ ದಂಡವೇನಲ್ಲ

ಸಕಲೇಶಪುರದ ಹತ್ತಿರ ತೋಟದ ಮನೆ, ನೆಟ್‌ವರ್ಕ್ ಸರಿ ಸಿಗಲ್ಲ, ಅಮ್ಮನಿಗೆ ಬ್ಲೂಟೂತ್ ಬಿಪಿ ಮಷಿನ್ ಕೊಡಿಸಿದರೆ ದಂಡವಾಗುತ್ತಾ ಅಂತ ಕೇಳಿದ್ದೀರಿ. ಆಗಲ್ಲ. ಬ್ಲೂಟೂತ್‌ಗೆ ಸಿಗ್ನಲ್ ಬೇಕಿಲ್ಲ. ಇಂಥ ಎಷ್ಟೋ ಮಷಿನ್‌ಗಳು ರೀಡಿಂಗನ್ನು ತಮ್ಮಲ್ಲೂ ಇಟ್ಟುಕೊಂಡಿರುತ್ತವೆ. ಅದು ಬೆಂಗಳೂರಿನಲ್ಲಿರುವ ನಿಮಗೆ ಕಾಣಬೇಕಾದರೆ ಮಾತ್ರ ಇಂಟರ್ನೆಟ್ ಬೇಕು. ಪೇಟೆಗೆ ಬಂದಾಗ ಆ್ಯಪ್ ತೆರೆದರಾಯಿತು. ಆದರೆ ಮೊದಲ ಸಲ ಆ್ಯಪ್ ಹಾಕಿ ಜೋಡಿಸುವುದನ್ನು ನೆಟ್‌ವರ್ಕ್ ಇರುವ ಕಡೆ ನೀವೇ ಮಾಡಿಕೊಡಿ.

ನನ್ನ ಕೇಳಿದರೆ ಆ್ಯಪ್‌ಗಿಂತ ತೋಳಿಗೆ ಸುತ್ತುವ ಪಟ್ಟಿಯೇ ಮುಖ್ಯ. ಮಣಿಕಟ್ಟಿನ ಮಷಿನ್ ಬೇಡ. ಅಮ್ಮನ ತೋಳಿನ ಸುತ್ತಳತೆ ತೆಗೆದುಕೊಂಡೇ ಅಂಗಡಿಗೆ ಹೋಗಿ. ಪಟ್ಟಿ ಚಿಕ್ಕದಾದರೆ ಬಿಪಿ ಸುಮ್ನೆ ಜಾಸ್ತಿ ತೋರಿಸುತ್ತದೆ. ಕಾಫಿ ಕುಡಿದ ಮೇಲೆ ಅರ್ಧ ಗಂಟೆ ಬಿಡಬೇಕು (ನಮ್ಮ ಕಡೆ ಇದೇ ಕಷ್ಟ, ಅಲ್ವಾ?). 5 ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂತು, ಆಮೇಲೆ ಒಂದು ನಿಮಿಷ ಬಿಟ್ಟು ಎರಡು ಸಲ ನೋಡಲಿ.

ಮನೆಯ ಸರಾಸರಿ 135/85 ದಾಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಒಂದು ಸಲ ಜಾಸ್ತಿ ಬಂತು ಅಂತ ನೀವೇ ಮಾತ್ರೆ ಏರಿಸಬೇಡಿ. 180/120 ದಾಟಿ, ಜೊತೆಗೆ ಎದೆನೋವೋ ಉಸಿರಾಟದ ತೊಂದರೆಯೋ ಇದ್ದರೆ ಮಾತ್ರ ಕಾಯದೆ 108ಕ್ಕೆ ಫೋನ್ ಮಾಡಿ.